ಟಿವಿಯ ಯಕ್ಷಗಾನ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುವುದು ಹೇಗೆ?

ಚಂದನದಲ್ಲಿ ಯಕ್ಷಗಾನ ಬಂದರೆ ರೆಕಾರ್ಡ್ ಮಾಡಿ ಅಜ್ಜ-ಅಜ್ಜಿಗೆ ತೋರಿಸಬೇಕು ಅಂತ ಕುಮಟಾ, ಶಿರಸಿ ಕಡೆ ಸುಮಾರು ಜನ ಕೇಳ್ತಾರೆ. ಖಂಡಿತ ಆಗ್ತದೆ.

ಹಿಂದಿನ ವಿಸಿಆರ್‌ನಲ್ಲೇ ಚಾನೆಲ್ ಹಿಡಿಯುವ ಟ್ಯೂನರ್ ಇತ್ತು, ಒಂದು ಚಾನೆಲ್ ನೋಡ್ತಾ ಇನ್ನೊಂದನ್ನು ಕ್ಯಾಸೆಟ್‌ಗೆ ಹಾಕಬಹುದಿತ್ತು. ಈಗ ಚಾನೆಲ್ ಹಿಡಿಯೋದು ಸೆಟ್‌ಟಾಪ್ ಬಾಕ್ಸ್. ಹಾಗಾಗಿ ಟೈಮರ್ ಇಡಬೇಕಾದದ್ದು ಬಾಕ್ಸ್‌ನಲ್ಲೇ. ರಿಮೋಟಿನಿಂದ ಆಫ್ ಮಾಡಿದರೆ ತೊಂದರೆ ಇಲ್ಲ, ಗೋಡೆಯ ಸ್ವಿಚ್ ಮಾತ್ರ ಆರಿಸಬೇಡಿ.

ಡಿಡಿ ಫ್ರೀ ಡಿಶ್ ಹಿಡಿಯುವ ಎಷ್ಟೋ ಬಾಕ್ಸ್‌ಗಳಲ್ಲಿ ಯುಎಸ್‌ಬಿ ಕಿಂಡಿ ಇರ್ತದೆ. ಪೆನ್‌ಡ್ರೈವ್ ಸಿಕ್ಕಿಸಿ ರಿಮೋಟಿನ ಕೆಂಪು ಚುಕ್ಕೆಯ ಬಟನ್ ಒತ್ತಿ, ಮೊದಲು 10 ನಿಮಿಷ ಪರೀಕ್ಷೆ ಮಾಡಿ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ (ಫೈಲ್ ಜೋಡಿಸಿಡುವ ಒಂದು ಬಗೆ) ಇದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಉದ್ದದ ಪ್ರಸಂಗ ತುಂಡು ತುಂಡಾಗಿ ಕೂತಿದ್ದರೆ ಗಾಬರಿ ಬೇಡ, ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವೀಡಿಯೊ ಪ್ಲೇಯರ್‌ಗೆ ಸಾಲಾಗಿ ಹಾಕಿ ನೋಡಿ. ಸ್ಟಾಪ್ ಒತ್ತದೆ ಪೆನ್‌ಡ್ರೈವ್ ಕೀಳಬೇಡಿ, ಫೈಲೇ ಹಾಳಾಗಬಹುದು.

ದುಡ್ಡು ಕೊಡುವ ಡಿಟಿಎಚ್‌ನ ರೆಕಾರ್ಡಿಂಗ್ ಸಾಮಾನ್ಯವಾಗಿ ಆ ಬಾಕ್ಸ್‌ನಲ್ಲಿ ಮಾತ್ರ ತೆರೆಯೋದು. ಬಾಕ್ಸ್ ಬದಲಿಸುವ ಮುಂಚೆ ಬೇಕಾದ್ದನ್ನು ನೋಡಿ ಮುಗಿಸಿ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಉಪ್ಪುಗಾಳಿಗೆ ಡಿಶ್ ತುದಿಯ ಕನೆಕ್ಟರ್ ಹಸಿರುಗಟ್ಟಿ ಸಿಗ್ನಲ್ ಇಳೀತದೆ. ಮಳೆ ಹಿಡಿಯುವ ಮುಂಚೆಯೇ ಬಿಚ್ಚಿ ನೋಡಿ, ತಾಮ್ರದ ತಂತಿ ಕಪ್ಪಾಗಿದ್ದರೆ ಅಷ್ಟು ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ, ಮೇಲೆ ಟೇಪ್ ಬಿಗಿಯಾಗಿ ಸುತ್ತಿ. ಇನ್ವರ್ಟರ್ ಇದ್ದವರು ಬಾಕ್ಸನ್ನೂ ಅದಕ್ಕೇ ಕೊಡಿ. ಜೋರು ಮಳೆಗೆ ಸಿಗ್ನಲ್ಲೇ ಹೋದರೆ ಮರುಪ್ರಸಾರ ಕಾಯೋದೊಂದೇ ದಾರಿ.