ಕಾಫಿಯ ಸಕ್ಕರೆ ಕಮ್ಮಿ ಮಾಡುವುದು ಹೇಗೆ? ತಪ್ಪಿದ ಮರುದಿನ ಏನು ಮಾಡಬೇಕು?

ಹೊಸ ವರ್ಷದ ಬೆಳಿಗ್ಗೆಯಿಂದಲೋ, ರಕ್ತ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಸಂಜೆಯಿಂದಲೋ ಸಕ್ಕರೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಒಂದೇ ಸಲಕ್ಕೆ ಪೂರ್ತಿ ಬಿಡುತ್ತಾರೆ. ಮೂರ್ನಾಲ್ಕು ದಿನ ಮುಖ ಕಿವುಚಿಕೊಂಡು ಕಹಿ ಕಾಫಿ ಕುಡಿಯುತ್ತಾರೆ. ಅಷ್ಟರಲ್ಲಿ ಯಾರದೋ ಮನೆಯ ಗೃಹಪ್ರವೇಶ ಬರುತ್ತದೆ. ಎಲೆ ತುಂಬ ಹೋಳಿಗೆ, ಊಟವಾದ ಮೇಲೆ ಸಿಹಿ ಕಾಫಿ. "ನನ್ನ ಕೈಲಿ ಇದೆಲ್ಲ ಆಗಲ್ಲ ಬಿಡಿ" ಅಂತ ಮರುದಿನ ಬೆಳಿಗ್ಗೆ ಮತ್ತೆ ಎರಡು ಚಮಚ ಹಾಕಿಕೊಂಡು ಕೂರುತ್ತಾರೆ.

ಇವರಿಗೆ ಮನಸ್ಸು ಗಟ್ಟಿ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗೃಹಪ್ರವೇಶದ ಹೋಳಿಗೆಯಿಂದ ಯಾರ ಅಭ್ಯಾಸವೂ ಕೆಡುವುದಿಲ್ಲ. ಕೆಡುವುದು ಮರುದಿನ, ತಮ್ಮನ್ನು ತಾವೇ ಬೈದುಕೊಂಡು ಕೈಬಿಟ್ಟಾಗ. ಆ ಒಂದು ದಿನವನ್ನು ದಾಟುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ.

ಶುರು ಮಾಡುವ ಮೊದಲು ಒಂದು ಮಾತು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಡಾಕ್ಟರ ಹತ್ತಿರ ಮಾತಾಡಿಯೇ ಶುರು ಮಾಡಿ. ಬೆವರು, ನಡುಕ, ತಲೆಸುತ್ತು ಬಂದು ಸಕ್ಕರೆ ತೀರಾ ಇಳಿದಂತೆ ಅನಿಸಿದರೆ ತಕ್ಷಣ ಗ್ಲೂಕೋಸ್ ಅಥವಾ ಸಕ್ಕರೆ ತಿನ್ನಲೇಬೇಕು. ಆ ಹೊತ್ತಲ್ಲಿ ಅಭ್ಯಾಸದ ಮಾತು ಬೇಡವೇ ಬೇಡ.

ಮೊದಲು ಅಳೆಯಿರಿ

ಒಂದು ವಾರ ಏನನ್ನೂ ಬದಲಾಯಿಸಬೇಡಿ. ಎಷ್ಟು ಹಾಕಿಕೊಳ್ಳುತ್ತೀರಿ ಅಂತ ನೋಡಿ, ಅಷ್ಟೇ. ಚಮಚವನ್ನು ಸಕ್ಕರೆ ಡಬ್ಬಿಯಲ್ಲಿ ಅದ್ದಿ ಎತ್ತಿದಾಗ ಮೇಲೆ ಗುಡ್ಡೆ ನಿಂತಿರುತ್ತದಲ್ವಾ? ಚಾಕುವಿನ ಬೆನ್ನಿನಿಂದ ಅದನ್ನು ಡಬ್ಬಿಗೇ ಸವರಿಬಿಡಿ. ಉಳಿದಿದ್ದು ಒಂದು ಮಟ್ಟ ಚಮಚ, ಸುಮಾರು 4 ಗ್ರಾಂ. ಗುಡ್ಡೆಯಲ್ಲಿದ್ದದ್ದು ಎಷ್ಟು ಅಂತ ಅಲ್ಲೇ ಕಾಣುತ್ತದೆ. "ನಾನು ಎರಡೇ ಚಮಚ" ಅನ್ನುವ ಎಷ್ಟೋ ಜನ ಹಾಕಿಕೊಳ್ಳುವುದು ಮೂರು ಚಮಚದಷ್ಟು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ಹೀಗಿದೆ: ದಿನದ ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಶೇ 5 ಅಂದರೆ ಸುಮಾರು 25 ಗ್ರಾಂ, ಆರು ಚಮಚ. ಜೇನುತುಪ್ಪ, ಹಣ್ಣಿನ ರಸದ ಸಕ್ಕರೆಯೂ ಈ ಲೆಕ್ಕದಲ್ಲೇ ಬರುತ್ತದೆ. ಮೂರು ಹೊತ್ತು ಕಾಫಿಗೆ ಎರಡೆರಡು ಚಮಚ ಹಾಕಿದರೆ ಆ ಆರು ಅಲ್ಲಿಗೇ ಮುಗಿಯಿತು. ಬಿಸ್ಕತ್ತು, ಸಂಜೆಯ ಜ್ಯೂಸು ಎಲ್ಲ ಇದರ ಮೇಲೆ.

ಈ ಲೆಕ್ಕ ನೋಡಿ ಗಾಬರಿಯಾಗಬೇಡಿ. ಬರೆದಿಟ್ಟುಕೊಳ್ಳಿ, ಸಾಕು.

ಒಂದೇ ಲೋಟ ಆರಿಸಿ

ದಿನದ ಎಲ್ಲ ಕಾಫಿಗೂ ಕೈ ಹಾಕಬೇಡಿ. ಎಲ್ಲಕ್ಕಿಂತ ಸುಲಭ ಅನಿಸುವ ಒಂದನ್ನು ಆರಿಸಿ. ಬೆಳಗಿನ ಮೊದಲ ಲೋಟ ಬೇಡ, ಅದು ಎಲ್ಲರಿಗೂ ಜೀವ. ಹನ್ನೊಂದು ಗಂಟೆಯದ್ದು ಒಳ್ಳೆಯದು. ಆ ಲೋಟಕ್ಕೆ ಕಾಲು ಚಮಚ ಕಮ್ಮಿ ಮಾಡಿ, ಹತ್ತು ದಿನ ಅಲ್ಲೇ ನಿಲ್ಲಿ. ಆಮೇಲೆ ಇನ್ನೊಂದು ಕಾಲು. ನಾಲಿಗೆಗೆ ಒಗ್ಗಿಕೊಳ್ಳಲು ಟೈಮ್ ಕೊಡಬೇಕು.

ಸಕ್ಕರೆ ಕಮ್ಮಿಯಾದಾಗ ಕಾಫಿಯ ಹುಳುಕು ಹೊರಬೀಳುತ್ತದೆ. ಚಿಕೋರಿ ಜಾಸ್ತಿ ಇರುವ ಪುಡಿಯಾದರೆ ಬರೀ ಕಹಿಯೇ ಉಳಿಯುತ್ತದೆ. ಆದ್ದರಿಂದ ಒಳ್ಳೆಯ ಪುಡಿಯನ್ನು ಸ್ವಲ್ಪ ಸ್ವಲ್ಪವೇ ತಂದು, ಡಿಕಾಕ್ಷನ್ನನ್ನು ಆವತ್ತೇ ಇಳಿಸಿಕೊಳ್ಳಿ. ನಿನ್ನೆಯದನ್ನು ಮತ್ತೆ ಕಾಯಿಸಬೇಡಿ. ಸಕ್ಕರೆ ಬಿಡುವವರು ಪುಡಿಗೆ ನಾಲ್ಕು ಕಾಸು ಜಾಸ್ತಿ ಕೊಡಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅಡ್ಡದಾರಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಲ್ಲದ ಪುಡಿ, ಕಂದು ಸಕ್ಕರೆ ಎಲ್ಲ ಸಕ್ಕರೆಯೇ. ದುಡ್ಡು ಜಾಸ್ತಿ ಕೊಟ್ಟಿದ್ದೇವೆ ಅನ್ನುವ ಧೈರ್ಯದಲ್ಲಿ ಇನ್ನೊಂದು ಚಮಚ ಹಾಕಿಕೊಳ್ಳುವವರೇ ಹೆಚ್ಚು. ಸಿಹಿ ಮಾತ್ರೆಗಳೂ ನನಗೆ ಹಿಡಿಸುವುದಿಲ್ಲ, ನಾಲಿಗೆಗೆ ಸಿಹಿಯ ನಿರೀಕ್ಷೆ ಹಾಗೇ ಉಳಿಯುತ್ತದೆ. ತೂಕ ಇಳಿಸಲು ಇಂಥ ಬದಲಿ ಸಿಹಿಗಳನ್ನು ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ಡಾಕ್ಟರ ಮಾತು ಕೇಳಲಿ.

ಹೊರಗೆ ಹೋದಾಗ

ದರ್ಶಿನಿಯಲ್ಲಿ ಕೂಪನ್ ಕೊಡುವಾಗಲೇ "ಸಕ್ಕರೆ ಬೇರೆ ಕೊಡಿ" ಅನ್ನಿ. ನೆಂಟರ ಮನೆಯಲ್ಲಿ ಅಷ್ಟು ಸುಲಭವಲ್ಲ. "ಸಕ್ಕರೆ ಕಮ್ಮಿ" ಅಂದ ಕೂಡಲೇ "ಅಯ್ಯೋ, ಯಾವಾಗಿಂದ ಶುಗರ್ರು?" ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿಯೇ ಸಿಹಿ ಕಾಫಿ ಕುಡಿದು ಬರುವವರಿದ್ದಾರೆ. ಉತ್ತರವನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಹೋಗಿ: "ಏನೂ ಇಲ್ಲ ಅತ್ತೆ, ಈಗ ನಂಗೆ ಹೀಗೇ ರುಚಿ." ಅಷ್ಟು ಸಾಕು, ಕಾರಣದ ಪಟ್ಟಿ ಒಪ್ಪಿಸಬೇಕಿಲ್ಲ.

ತಪ್ಪಿದ ದಿನ, ಅದರ ಮರುದಿನ

ನಿಧಾನವಾಗಿ ಓದಬೇಕಾದ ಭಾಗ ಇದೇ. ಒಂದಲ್ಲ ಒಂದು ದಿನ ತಪ್ಪುತ್ತದೆ. ಹಬ್ಬ ಬರುತ್ತದೆ, ಆಫೀಸಿನಲ್ಲಿ ಜಗಳವಾಗುತ್ತದೆ, ರಾತ್ರಿ ಮಗು ನಿದ್ದೆ ಮಾಡಿರುವುದಿಲ್ಲ.

ತಪ್ಪಿದ ಗಳಿಗೆಯಲ್ಲಿ ಮೊದಲು ಮಾಡಬೇಕಾದ್ದು, ತಿನ್ನುತ್ತಿರುವುದನ್ನು ನೆಮ್ಮದಿಯಿಂದ ತಿನ್ನುವುದು. ಹೋಳಿಗೆ ಬಾಯಿಗೆ ಹಾಕಿಕೊಂಡು ಮನಸ್ಸಿನಲ್ಲಿ ಬೈದುಕೊಳ್ಳುತ್ತಿದ್ದರೆ ರುಚಿಯೂ ಸಿಗಲ್ಲ, ತೃಪ್ತಿಯೂ ಇಲ್ಲ. ಆಗಲೇ ಇನ್ನೊಂದಕ್ಕೆ ಕೈ ಹೋಗುವುದು. "ಹೇಗೂ ಕೆಟ್ಟಿತು, ಇವತ್ತೊಂದಿನ ಪೂರ್ತಿ ತಿಂದುಬಿಡೋಣ" ಅನ್ನುವ ಮಾತು ಹುಟ್ಟುವುದೂ ಆಗಲೇ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ, ತಿನ್ನುವುದರ ಮೇಲೆ ಹಿಡಿತ ಇಟ್ಟುಕೊಂಡಿದ್ದ ಕಾಲೇಜು ಹುಡುಗಿಯರಿಗೆ ಮೊದಲು ಡೋನಟ್ ತಿನ್ನಿಸಿದರು. ಕೆಲವರಿಗೆ ಮಾತ್ರ, "ಎಲ್ಲರೂ ಒಮ್ಮೊಮ್ಮೆ ಇಂಥದ್ದು ತಿನ್ನುತ್ತಾರೆ, ಬೇಜಾರು ಮಾಡ್ಕೋಬೇಡ" ಅಂತ ಮೆಲ್ಲಗೆ ಹೇಳಿದರು. ಆಮೇಲೆ ಎಲ್ಲರ ಮುಂದೆಯೂ ಮಿಠಾಯಿ ಇಟ್ಟರು. ಸಮಾಧಾನದ ಮಾತು ಕೇಳಿದವರೇ ಕಮ್ಮಿ ತಿಂದರು. 2007ರಲ್ಲಿ ಪ್ರಕಟವಾದ ಅಧ್ಯಯನ ಇದು. ತನ್ನ ಮೇಲೆ ಕರುಣೆ ತೋರಿಸಿದರೆ ಶಿಸ್ತು ಸಡಿಲವಾಗುತ್ತದೆ ಅಂತ ನಮ್ಮ ಹಿರಿಯರು ಹೆದರುತ್ತಾರೆ. ಅಲ್ಲಿ ಆಗಿದ್ದು ಅದಕ್ಕೆ ತಿರುಗಾಮುರುಗ.

ಇನ್ನು ಮರುದಿನ. ಬೆಳಿಗ್ಗೆ ಎದ್ದು ನಿನ್ನೆಯ ಸಾಲ ತೀರಿಸಲು ಹೋಗಬೇಡಿ. ತಿಂಡಿ ಬಿಡುವುದು, ಇವತ್ತು ಎಲ್ಲ ಕಾಫಿಯೂ ಕಹಿ ಅನ್ನುವುದು, ಎರಡು ಗಂಟೆ ನಡೆಯುವುದು, ಇವೆಲ್ಲ ಶಿಕ್ಷೆಗಳು. ತಿಂಡಿ ಬಿಟ್ಟವರು ಹಸಿವು ತಾಳಲಾರದೆ ಸಂಜೆ ನಾಲ್ಕಕ್ಕೆ ಬೇಕರಿಯಲ್ಲಿರುತ್ತಾರೆ. ಮೊನ್ನೆ ಎಲ್ಲಿದ್ದಿರೋ ಅಲ್ಲಿಂದಲೇ ಮುಂದುವರಿಸಿ. ಮೊನ್ನೆ ಹನ್ನೊಂದರ ಕಾಫಿಗೆ ಒಂದು ಚಮಚಕ್ಕೆ ಇಳಿದಿದ್ದರೆ ಇವತ್ತೂ ಒಂದೇ ಚಮಚ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ಆಮೇಲೆ ಎರಡು ನಿಮಿಷ ಕೂತು ಬರೆಯಿರಿ. "ನಾನು ಸೋಮಾರಿ", "ನಂಗೆ ಬಾಯಿಚಪಲ" ಅಂತ ತೀರ್ಪು ಬರೆಯಬೇಡಿ. ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ, ಕೊನೆಯ ಊಟ ಯಾವಾಗ ಆಗಿತ್ತು, ಅಷ್ಟನ್ನೇ ಬರೆಯಿರಿ. ಇಂಥ ನಾಲ್ಕೈದು ಚೀಟಿ ಸೇರಿದಾಗ ವಿಷಯ ತಾನಾಗಿ ಕಾಣುತ್ತದೆ. ಮನೆಮಂದಿಗೆಲ್ಲ ಬಡಿಸಿ ಒಂದೂವರೆಗೆ ಎರಡು ತುತ್ತು ಉಂಡ ಹೆಂಗಸಿಗೆ ನಾಲ್ಕು ಗಂಟೆಗೆ ಬೇಕಾಗಿರುವುದು ಊಟ. ಸಿಹಿ ಕಾಫಿ ಬೇಕು ಅನಿಸುವುದು ಆ ಹಸಿವಿಗೆ. ಅವರಿಗೆ ಸಂಯಮದ ಪಾಠ ಹೇಳುವುದು ಅನ್ಯಾಯ. ಸರಿಯಾಗಿ ಉಣ್ಣಲು ಬಿಡಬೇಕು, ಒಂದು ಹಿಡಿ ಹುರಿಗಡಲೆ ಇಲ್ಲವೇ ಕಡಲೆಕಾಯಿ ಕೈಗೆ ಕೊಡಬೇಕು. ಅದಾದ ಮೇಲೆ ಕಾಫಿಯ ಸಕ್ಕರೆ ಎಷ್ಟೋ ಸುಲಭವಾಗಿ ಇಳಿಯುತ್ತದೆ.

ನಿಮ್ಮೊಳಗಿನ ಬೈಗುಳ ನಿಲ್ಲದಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ ನೋಡಿ. ಅದೇ ಮಾತನ್ನು ನಿಮ್ಮ ತಂಗಿಗೆ ಹೇಳುತ್ತೀರಾ? ಅವಳು ಅಳುತ್ತಾ ಬಂದರೆ "ಹೋಗ್ಲಿ ಬಿಡೇ, ಹಬ್ಬ ಅಲ್ವಾ, ನಾಳೆಯಿಂದ ನೋಡ್ಕೊಂಡ್ರಾಯ್ತು" ಅನ್ನುತ್ತೀರಿ. ಅದನ್ನೇ, ಅದೇ ದನಿಯಲ್ಲಿ, ನಿಮ್ಮ ಹೆಸರು ಹಿಡಿದು ನಿಮಗೇ ಹೇಳಿಕೊಳ್ಳಿ. ಮೊದಮೊದಲು ಮುಜುಗರ ಆಗುತ್ತದೆ. ಆದರೂ ಹೇಳಿಕೊಳ್ಳಿ.

ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂರುತ್ತದೆ ಅನ್ನುವ ಮಾತನ್ನು ಮರೆತುಬಿಡಿ. ಅದರಿಂದಲೇ ಎಷ್ಟೋ ಜನ ಇಪ್ಪತ್ತೆರಡನೇ ದಿನ ಬೇಸತ್ತು ಬಿಟ್ಟಿದ್ದಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಗಿತ್ತು, ಇನ್ನು ಕೆಲವರಿಗೆ 254 ದಿನದವರೆಗೂ ಬೇಕು ಅಂತ ಲೆಕ್ಕ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಆಗಲಿಲ್ಲ ಅನ್ನುವುದೂ ಅಲ್ಲಿ ಕಂಡಿತು.

ಅದಕ್ಕೇ ದಿನ ಎಣಿಸುವ ಮೊಬೈಲ್ ಆ್ಯಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ನಲವತ್ತು ದಿನ ಪಾಲಿಸಿ ಒಂದು ದಿನ ತಪ್ಪಿದರೆ ಅವು ಸೊನ್ನೆ ತೋರಿಸುತ್ತವೆ. ಆ ನಲವತ್ತು ದಿನ ಎಲ್ಲಿ ಹೋಯಿತು? ಗೋಡೆಯ ಕ್ಯಾಲೆಂಡರ್ ಇದಕ್ಕಿಂತ ಎಷ್ಟೋ ವಾಸಿ. ಹಾಲಿನ ಲೆಕ್ಕ ಬರೆಯುವ ತಾರೀಖಿನ ಚೌಕದಲ್ಲೇ ಪಕ್ಕದಲ್ಲಿ ಒಂದು ಚುಕ್ಕಿ ಇಡಿ. ಆದ ದಿನಕ್ಕೆ ಚುಕ್ಕಿ, ಆಗದ ದಿನ ಖಾಲಿ ಇರಲಿ. ಕೆಂಪು ಗುರುತು ಬೇಡ. ತಿಂಗಳ ಕೊನೆಗೆ ಚುಕ್ಕಿಗಳನ್ನಷ್ಟೇ ಎಣಿಸಿ. ಹದಿನೆಂಟಿದ್ದರೂ ಹದಿನೆಂಟು ಲೋಟದ ಸಕ್ಕರೆ ಇಳಿದಿದೆ.

ಮನೆಯವರಿಗೆ

ದಯವಿಟ್ಟು ಕಾವಲು ಕಾಯಬೇಡಿ. "ಇವತ್ತು ಹಾಕ್ಕೊಂಡ್ಯಾ?" ಅಂತ ಎಲ್ಲರೆದುರು ಕೇಳಿದರೆ ಅವರು ನಿಮಗೆ ಕಾಣದ ಹಾಗೆ ಹಾಕಿಕೊಳ್ಳುತ್ತಾರೆ, ಅಷ್ಟೇ. ನೀವು ಮಾಡಬಹುದಾದ ಸಹಾಯ ಚಿಕ್ಕದು. ಪಾತ್ರೆಗೇ ಸಕ್ಕರೆ ಸುರಿದು ಎಲ್ಲರಿಗೂ ಒಟ್ಟಿಗೆ ಕಾಫಿ ಬೆರೆಸಬೇಡಿ, ಲೋಟಕ್ಕೆ ಬೇರೆ ಬೇರೆ ಹಾಕಿ. ಡಬ್ಬಿಯಲ್ಲಿ ಚಿಕ್ಕ ಚಮಚ ಇಡಿ. ಹಬ್ಬದಲ್ಲಿ ಉಳಿದ ಸಿಹಿಯನ್ನು ವಾರಗಟ್ಟಲೆ ಫ್ರಿಜ್ಜಿನಲ್ಲಿಡದೆ ಮರುದಿನವೇ ಅಕ್ಕಪಕ್ಕದವರಿಗೆ ಹಂಚಿಬಿಡಿ. ಬೆಳಗಿನ ಮೊದಲ ಲೋಟದ ಸಕ್ಕರೆ ಯಾವಾಗ ಕಮ್ಮಿಯಾಗಬೇಕು ಅನ್ನುವುದನ್ನು ಮಾತ್ರ, ಅದನ್ನು ಕುಡಿಯುವವರಿಗೇ ಬಿಡಿ.