ನೋವಾಗದ ಜಾಗದಲ್ಲೇ ತಪ್ಪಿತ್ತು: ಅವ್ವನಿಗೆ ಇನ್ಸುಲಿನ್ ಕೊಡುವ ನನ್ನ ಅನುಭವ

ನಮ್ಮೂರು ಇಂಡಿ ಹತ್ತಿರ. ನಾಲ್ಕು ವರ್ಷದಿಂದ ಅವ್ವನಿಗೆ ದಿನಕ್ಕೆ ಎರಡು ಸಲ ನಾನೇ ಇನ್ಸುಲಿನ್ ಚುಚ್ಚುತ್ತಿದ್ದೇನೆ. ಬೆಳಿಗ್ಗೆ ರೊಟ್ಟಿಗೆ ಅರ್ಧ ತಾಸು ಮೊದಲು ಒಂದು, ರಾತ್ರಿ ಊಟಕ್ಕೆ ಅರ್ಧ ತಾಸು ಮೊದಲು ಒಂದು. ಸೂಜಿ ಹಿಡಿಯುವುದು ಒಂದೇ ವಾರದಲ್ಲಿ ರೂಢಿಯಾಯಿತು. ಎಲ್ಲಿ ಚುಚ್ಚಬೇಕು ಅಂತ ತಿಳಿಯೋಕೆ ಮೂರು ವರ್ಷ ಹಿಡಿಯಿತು.

ಅವ್ವ ಯಾವಾಗಲೂ ಹೊಕ್ಕಳಿನ ಎಡಕ್ಕೆ ಒಂದೇ ಜಾಗ ತೋರಿಸುತ್ತಿದ್ದಳು. "ಇಲ್ಲೇ ಚುಚ್ಚೋ, ಇಲ್ಲಿ ನೋವಾಗಂಗಿಲ್ಲ." ಅವಳಿಗೆ ನೋವಾಗುವುದು ಬೇಡ ಅಂತ ನಾನೂ ಅಲ್ಲೇ ಚುಚ್ಚುತ್ತಿದ್ದೆ. ದುಡ್ಡು ಉಳಿಯಲಿ ಅಂತ ಒಂದೇ ಸಿರಿಂಜನ್ನು ಐದಾರು ಸಲ ಬಳಸುತ್ತಿದ್ದೆ. ಶುಗರ್ ಮಾತ್ರ ಹಿಡಿತಕ್ಕೆ ಬರಲಿಲ್ಲ. ಇವತ್ತು 280 ಇದ್ದರೆ ನಾಳೆ 90. ಅದೇ ಊಟ, ಅದೇ ಡೋಸ್. ಬೆಳಗಿನ ಡೋಸ್ 18 ಯೂನಿಟ್‌ನಿಂದ ಏರುತ್ತಾ ಏರುತ್ತಾ 26ಕ್ಕೆ ಹೋಯಿತು. ಅವ್ವ ಕದ್ದು ಸಿಹಿ ತಿನ್ನುತ್ತಾಳೆ ಅಂತ ಅವಳ ಜೊತೆ ಜಗಳವನ್ನೂ ಆಡಿದೆ. ಅದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಳೆದ ವರ್ಷ ವಿಜಯಪುರದಲ್ಲಿ ಬೇರೆ ಡಾಕ್ಟರಿಗೆ ತೋರಿಸಿದೆವು. ಅವರು ರಿಪೋರ್ಟ್ ನೋಡುವ ಮೊದಲೇ ಅವ್ವನನ್ನು ಮಲಗಿಸಿ ಹೊಟ್ಟೆ ಸವರಿದರು. ಆಮೇಲೆ ನನ್ನ ಬೆರಳನ್ನು ಅದೇ ಜಾಗದ ಮೇಲೆ ಇಡಿಸಿದರು. ಚರ್ಮದ ಕೆಳಗೆ ಅರ್ಧ ನಿಂಬೆಹಣ್ಣು ಕೂತ ಹಾಗಿತ್ತು. ಕಣ್ಣಿಗೆ ಕಂಡಿರಲಿಲ್ಲ, ಬೆರಳಿಗೆ ಸಿಕ್ಕಿತು.

ಅದು ಕೊಬ್ಬಿನ ಗಂಟು. ಡಾಕ್ಟರುಗಳು ಲೈಪೋಹೈಪರ್ಟ್ರೋಫಿ ಅಂತಾರೆ. ಇನ್ಸುಲಿನ್‌ಗೆ ಕೊಬ್ಬು ಬೆಳೆಸುವ ಗುಣ ಇದೆ. ಒಂದೇ ಕಡೆ ಮತ್ತೆ ಮತ್ತೆ ಬಿದ್ದರೆ, ಅದೂ ಮೊಂಡಾದ ಸೂಜಿಯಿಂದ, ಅಲ್ಲಿ ಗಂಟು ಕಟ್ಟುತ್ತದೆ. ಗಂಟಿನಲ್ಲಿ ಚುಚ್ಚಿದರೆ ನೋವು ಕಡಿಮೆ. ಅವ್ವ ಆ ಜಾಗ ಬಿಡದಿದ್ದುದೇ ಅದಕ್ಕೆ. ಆದರೆ ಅಲ್ಲಿಂದ ಔಷಧಿ ರಕ್ತಕ್ಕೆ ಒಂದೇ ಸಮ ಹೋಗುವುದಿಲ್ಲ. ಒಂದು ದಿನ ಅಲ್ಲೇ ತಡೆದು ನಿಲ್ಲುತ್ತದೆ, ಇನ್ನೊಂದು ದಿನ ಬೇಗ ಇಳಿಯುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗಂಟು ಸಿಕ್ಕಿತು ಅಂತ ಡಾಕ್ಟರನ್ನು ಕೇಳದೆ ಸುಮ್ನೆ ಜಾಗ ಬದಲಿಸಬೇಡಿ. ಒಳ್ಳೆ ಜಾಗದಲ್ಲಿ ಅದೇ ಡೋಸ್ ಜಾಸ್ತಿ ಕೆಲಸ ಮಾಡುತ್ತದೆ. ನಮಗೆ ಎರಡೂ ಹೊತ್ತಿನ ಡೋಸ್ ಇಳಿಸಿದ್ದರು, ಬೆಳಗಿನದು 20 ಆಗಿತ್ತು. ಆದರೂ ಮೂರನೇ ದಿನ ನಸುಕಿನ 4 ಗಂಟೆಗೆ ಅವ್ವ ಬೆವತು ನಡುಗುತ್ತಿದ್ದಳು. ಮೀಟರ್‌ನಲ್ಲಿ 62. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದೆ. 15 ನಿಮಿಷಕ್ಕೆ 94 ಆಯಿತು. ಆಮೇಲೆ ಅರ್ಧ ರೊಟ್ಟಿ ತಿನ್ನಿಸಿದೆ. ಬೆಳಿಗ್ಗೆ ಫೋನ್ ಮಾಡಿದಾಗ ರಾತ್ರಿಯ ಡೋಸನ್ನು ಇನ್ನೆರಡು ಯೂನಿಟ್ ಕಡಿಮೆ ಮಾಡಿದರು.

ಈಗ ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇವೆ. ಹೊಕ್ಕಳಿನ ಸುತ್ತ ಎರಡು ಬೆರಳು ಬಿಡುತ್ತೇನೆ. ವಾರಕ್ಕೊಂದು ಭಾಗ, ಪ್ರತಿ ಸೋಮವಾರ ಬದಲು. ಗಂಟು ಇರುವ ಭಾಗದ ಸರದಿ ಬಂದಾಗ ಅದರ ಬದಲು ತೊಡೆ. ನಿನ್ನೆಯ ಜಾಗದಿಂದ ಒಂದು ಬೆರಳು ಆಚೆ ಇವತ್ತಿನದು. ಚುಚ್ಚುವ ಮೊದಲು ಬೆರಳಿನಿಂದ ಒತ್ತಿ ನೋಡುತ್ತೇನೆ. ನಮ್ಮದು ಬಿಳಿ ಮಸುಕಿನ ಇನ್ಸುಲಿನ್. ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸುತ್ತೇನೆ. ಚರ್ಮವನ್ನು ಹಗುರವಾಗಿ ಎತ್ತಿ ಹಿಡಿದು ಚುಚ್ಚಿ, ಔಷಧಿ ಹೋದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯುತ್ತೇನೆ. ಪ್ರತಿ ಸಲ ಹೊಸ ಸಿರಿಂಜ್.

ಸಿರಿಂಜಿನ ಟೋಪಿಯ ಬಣ್ಣ ನೋಡದೆ ಅಂಗಡಿಯಿಂದ ಹೊರಡಬೇಡಿ. ನಮ್ಮ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಟೋಪಿ. ಕಿತ್ತಳೆ ಟೋಪಿಯದು 100 ಯೂನಿಟ್‌ನ ಇನ್ಸುಲಿನ್‌ಗೆ. ಒಮ್ಮೆ ನನಗೆ ಕಿತ್ತಳೆಯದನ್ನು ಕೊಟ್ಟಿದ್ದರು. ಅದರಲ್ಲಿ ಅಳೆದಿದ್ದರೆ ಅವ್ವನಿಗೆ ಅರ್ಧಕ್ಕಿಂತ ಕಡಿಮೆ ಔಷಧಿ ಹೋಗುತ್ತಿತ್ತು. ಉಲ್ಟಾ ಆದರೆ, ಅಂದರೆ 100 ಯೂನಿಟ್‌ನ ಇನ್ಸುಲಿನ್ನನ್ನು ಕೆಂಪು ಟೋಪಿಯದರಲ್ಲಿ ಅಳೆದರೆ, ಎರಡೂವರೆ ಪಟ್ಟು ಹೋಗುತ್ತದೆ. ಅದು ಜೀವಕ್ಕೇ ಅಪಾಯ ಅಲ್ವಾ?

ನಮ್ಮ ಕಡೆ ಬೇಸಿಗೆಯ ಬಿಸಿಲು ನಿಮಗೆ ಗೊತ್ತಲ್ಲ, ಅದರ ಜೊತೆ ಕರೆಂಟ್ ಹೋಗುವುದು ಬೇರೆ. ದೊಡ್ಡ ಮಣ್ಣಿನ ಗಡಿಗೆಯಲ್ಲಿ ಹಸಿ ಉಸುಕು ತುಂಬಿ, ಒಳಗೆ ಸಣ್ಣ ಗಡಿಗೆ ಇಟ್ಟಿದ್ದೇನೆ. ನೀರು ತಾಗದ ಹಾಗೆ ಬಾಟಲಿ ಒಂದು ಡಬ್ಬಿಯಲ್ಲಿರುತ್ತದೆ. ಫ್ರಿಜ್ ಇದ್ದವರು ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟ ಹಾಗೆಯೇ.

ಎಂಟು ತಿಂಗಳಾಯಿತು. ಗಂಟು ಮೆತ್ತಗಾಗಿದೆ, ಪೂರ್ತಿ ಹೋಗಿಲ್ಲ. ತೊಡೆಗೆ ಚುಚ್ಚುವ ವಾರ ಅವ್ವನಿಗೆ ನೋವು ಜಾಸ್ತಿ. "ಇವತ್ತೊಂದಿನ ಹಳೇ ಜಾಗಕ್ಕ ಹಾಕೋ" ಅಂತ ಕೇಳುತ್ತಾಳೆ. ಅವಳ ಕೈ ಹಿಡಿದುಕೊಂಡು ತೊಡೆಗೇ ಚುಚ್ಚುತ್ತೇನೆ.