ಬೆಳಗ್ಗೆ ಹೆಸರು, ಸಂಜೆ ಹೆಜ್ಜೆ: ಮನೆಯಲ್ಲಿ ಆಸಕ್ತಿಯ ಪ್ರಾರ್ಥನೆ ರೂಢಿಸಿಕೊಳ್ಳುವ ಬಗೆ

ಪೇತ್ರ ಸೆರೆಮನೆಯಲ್ಲಿದ್ದಾಗ ಸಭೆಯವರು ಅವನಿಗಾಗಿ ಎಡೆಬಿಡದೆ ಪ್ರಾರ್ಥಿಸಿದರು (ಅಪೊಸ್ತಲರ ಕೃತ್ಯಗಳು 12:5). ಹಿಡಿದುಕೊಡಲ್ಪಟ್ಟ ರಾತ್ರಿ ಯೇಸುಸ್ವಾಮಿ ಇನ್ನೂ ಆಸಕ್ತಿಯಿಂದ ಪ್ರಾರ್ಥಿಸಿದರು (ಲೂಕ 22:44). ಮುಂದೆ ಪೇತ್ರನೇ ತನ್ನ ಪತ್ರದಲ್ಲಿ, ನಿಮ್ಮ ನಿಮ್ಮೊಳಗೆ ಗಾಢವಾದ ಪ್ರೀತಿಯಿರಲಿ ಎಂದು ಬರೆದ (1 ಪೇತ್ರ 4:8). ಗ್ರೀಕ್ ಮೂಲದಲ್ಲಿ ಈ ಮೂರೂ ಕಡೆ ಇರುವುದು ಒಂದೇ ಬೇರಿನ ಪದ, ಎಕ್ತೆನೆಸ್. ಚಾಚಿದ್ದು, ಎಳೆದು ಹಿಡಿದದ್ದು ಎಂದು ಅದರ ಅರ್ಥ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೂಡಿನ ಎಳೆ ಸಡಿಲ ಬಿಟ್ಟರೆ ಸಿಕ್ಕಾಗುತ್ತದೆ, ಹದ ಮೀರಿ ಎಳೆದರೆ ಕಡಿಯುತ್ತದೆ, ಕಡಿದಾಗ ತುದಿ ಹುಡುಕಿ ಮತ್ತೆ ಸೇರಿಸಬೇಕು. ಪ್ರಾರ್ಥನೆಗೂ ಪ್ರೀತಿಗೂ ಅದೇ ಹದ. ಬೆಳಗ್ಗೆ ದೇವರ ಮುಂದೆ ಯಾರ ಹೆಸರು ಹೇಳಿದಿರೋ, ಅವರ ಕಡೆಗೆ ಸಂಜೆಯೊಳಗೆ ಒಂದು ಹೆಜ್ಜೆ ಇಡಬೇಕು. ಇಲ್ಲಿ ಮುಂದೆ ಹೇಳುವುದೆಲ್ಲ ಇದನ್ನು ಮಾಡುವ ಬಗೆ.

ಹೊತ್ತು ಮತ್ತು ಪುಸ್ತಕ

ಹದಿನೈದು ನಿಮಿಷದಿಂದ ಶುರುಮಾಡಿ. ಕೆ.ಜಿ.ಎಫ್., ಬಂಗಾರಪೇಟೆ, ಮಾಲೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಮನೆಗಳಲ್ಲಿ ಒಂದು ಗಂಟೆ ಎಂದು ಹರಕೆ ಹೊತ್ತರೆ ಎರಡನೇ ವಾರಕ್ಕೇ ನಿಂತುಹೋಗುತ್ತದೆ. ಹೊತ್ತನ್ನು ಗಡಿಯಾರಕ್ಕೆ ಕಟ್ಟುವ ಬದಲು ದಿನಾ ಮಾಡುವ ಕೆಲಸಕ್ಕೆ ಕಟ್ಟಿ: ಡೈರಿಗೆ ಹಾಲು ಹಾಕಿ ಬಂದ ಮೇಲೆ, ಅಥವಾ ಮಕ್ಕಳನ್ನು ಎಬ್ಬಿಸುವ ಮುಂಚೆ. ಕೆಲಸ ತಪ್ಪುವುದಿಲ್ಲ, ಅದರ ಬೆನ್ನಿಗಿರುವ ಪ್ರಾರ್ಥನೆಯೂ ತಪ್ಪುವುದಿಲ್ಲ. ಫೋನ್ ಬೇರೆ ಕೋಣೆಯಲ್ಲಿರಲಿ.

ಮೊದಲ ಎರಡು ನಿಮಿಷ ಮಾತಿಲ್ಲದೆ ಕೂರಿ. ಆಮೇಲೆ ಒಂದು ಕೀರ್ತನೆಯನ್ನೋ ಸುವಾರ್ತೆಯ ಹತ್ತು ವಚನಗಳನ್ನೋ ಬಾಯಿಬಿಟ್ಟು ಓದಿ, ಮೂರು ನಿಮಿಷ ಸಾಕು. ಏಳೆಂಟು ನಿಮಿಷ ಹೆಸರುಗಳಿಗೆ. ಕೊನೆಗೆ ಕರ್ತನ ಪ್ರಾರ್ಥನೆ, ನಿಧಾನವಾಗಿ. ಅದರಲ್ಲಿ ಆಹಾರ ಬೇಡುವಾಗ ‘ನಮ್ಮ’ ಎನ್ನುತ್ತೇವೆ. ಆ ಪದದ ಹತ್ತಿರ ಒಂದು ಉಸಿರು ನಿಂತು, ಆ ‘ನಮ್ಮ’ದೊಳಗೆ ಇವತ್ತು ಯಾರು ಹಸಿದಿದ್ದಾರೆ ಎಂದು ನೆನೆಯಿರಿ.

ನೂರು ಪುಟದ ಒಂದು ಸಣ್ಣ ನೋಟ್‌ಬುಕ್ ತನ್ನಿ. ಪ್ರತಿ ಪುಟಕ್ಕೂ ಮೇಲಿಂದ ಕೆಳಕ್ಕೆ ಎರಡು ಗೆರೆ ಎಳೆದು ಮೂರು ಸಾಲು ಮಾಡಿ: ತಾರೀಖು, ಹೆಸರು ಮತ್ತು ಅಗತ್ಯ, ನಾನು ಮಾಡಬೇಕಾದದ್ದು. ವಾರಕ್ಕೆ ಐದೇ ಹೆಸರು. ಮನೆಯವರೊಬ್ಬರು, ನೆರೆಯವರೊಬ್ಬರು, ಕಾಯಿಲೆಯಲ್ಲಿರುವವರೊಬ್ಬರು, ನಿಮ್ಮೊಂದಿಗೆ ಮನಸ್ತಾಪವಿರುವವರೊಬ್ಬರು, ನಿಮ್ಮ ಸಭೆಗೂ ಬಂಧುಬಳಗಕ್ಕೂ ಸೇರದವರೊಬ್ಬರು. ಮೂವತ್ತು ಹೆಸರು ಬರೆದುಕೊಂಡರೆ ಹಾಜರಿ ಕೂಗಿದಂತಾಗುತ್ತದೆ. ಹೆಸರು ಬಾಯಲ್ಲಿ ಬರುತ್ತದೆ, ಮುಖ ಕಣ್ಣಿಗೆ ಬರುವುದಿಲ್ಲ.

ಮೂರನೆಯ ಸಾಲೇ ಈ ಅಭ್ಯಾಸದ ಜೀವ. ಎದುರುಮನೆಯ ಒಂಟಿ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ ಎಂದುಕೊಳ್ಳಿ. ‘ಅಜ್ಜಿಗೆ ಗುಣ ಕೊಡು ಸ್ವಾಮಿ’ ಎಂಬುದು ಎರಡನೇ ಸಾಲು. ಡಾಕ್ಟರು ದಿನಕ್ಕೆ ಹಲವು ಸಲ ಕಣ್ಣಿಗೆ ಹನಿ ಹಾಕಿಕೊಳ್ಳಲು ಹೇಳಿರುತ್ತಾರೆ, ಅಜ್ಜಿಯ ಕೈ ನಡುಗುತ್ತದೆ, ಹನಿ ಕೆನ್ನೆಗೆ ಬೀಳುತ್ತದೆ. ಮೂರನೇ ಸಾಲಿನಲ್ಲಿ ‘ಬೆಳಗ್ಗೆ ಎಂಟು, ಸಂಜೆ ಆರು, ಹನಿ ಹಾಕಲು ಹೋಗಬೇಕು, ಮಧ್ಯಾಹ್ನಕ್ಕೆ ಪಕ್ಕದ ಮನೆ ಹುಡುಗಿಗೆ ಹೇಳಬೇಕು’ ಎಂದು ಬರೆಯಿರಿ. ಹನಿ ಹಾಕುವ ಮುಂಚೆ ಕೈಗೆ ಸೋಪು ಹಾಕಿ ತೊಳೆಯಿರಿ, ಬಾಟಲಿಯ ತುದಿ ಕಣ್ಣಿಗೆ ತಾಗಿಸಬೇಡಿ. ಇದೂ ಪ್ರಾರ್ಥನೆಯ ಭಾಗವೇ. ಬಟ್ಟೆಯೂ ಊಟವೂ ಇಲ್ಲದವರಿಗೆ ಏನೂ ಕೊಡದೆ, ಸುಖವಾಗಿ ಹೋಗಿ ಬೆಂಕಿ ಕಾಯಿಸಿಕೊಳ್ಳಿ ಎಂದರೆ ಪ್ರಯೋಜನವೇನು ಎಂದು ಯಾಕೋಬ ಕೇಳುವುದು (ಯಾಕೋಬ 2:15-16) ಈ ಮೂರನೇ ಸಾಲನ್ನೇ.

ಮೂರನೇ ಸಾಲು ಕೆಲವೊಮ್ಮೆ ಖಾಲಿ ಉಳಿಯುತ್ತದೆ. ದೂರದೇಶದಲ್ಲಿರುವವರಿಗೆ, ಮಾತು ಬಿಟ್ಟವರಿಗೆ ಏನು ಮಾಡಲೂ ದಾರಿ ಇರದು. ಇರಲಿ, ಪ್ರಾರ್ಥನೆಯೊಂದೇ ಸಾಕು. ಐದೂ ಹೆಸರಿನ ಮುಂದೆ ಮೂರು ವಾರ ಸತತವಾಗಿ ಖಾಲಿ ಇದ್ದರೆ ಮಾತ್ರ ಎಚ್ಚರವಾಗಿ.

ಯಾವ ಭಾಷೆ, ಎಷ್ಟು ದನಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ನಮ್ಮ ಸೀಮೆಯಲ್ಲಿ ಇದು ದೊಡ್ಡ ತೊಡಕು. ಮನೆಯಲ್ಲಿ ತೆಲುಗು, ಕೆ.ಜಿ.ಎಫ್. ಕಡೆ ತಮಿಳು, ಪ್ರಾರ್ಥನೆಗೆ ಕೂತರೆ ಮಾತ್ರ ಪುಸ್ತಕದ ಕನ್ನಡ. ‘ಪರಲೋಕದಲ್ಲಿ ಆಸೀನನಾಗಿರುವ’ ಎಂದು ಶುರುವಾದ ವಾಕ್ಯ ಮುಗಿಯುವಷ್ಟರಲ್ಲಿ ಹೇಳಬೇಕಾದ ನೋವು ಮರೆತೇ ಹೋಗಿರುತ್ತದೆ. ಯಾವ ಭಾಷೆಯಲ್ಲಿ ಅಳುತ್ತೀರೋ ಅದರಲ್ಲೇ ಬೇಡಿ. ಸಭೆಯಲ್ಲಿ ಎಲ್ಲರಿಗೂ ತಿಳಿಯುವ ಭಾಷೆ, ಒಳಕೋಣೆಯಲ್ಲಿ ಅಮ್ಮನ ಭಾಷೆ.

ದನಿ ಏರಿದರೆ ಆಸಕ್ತಿ ಏರಿದಂತಲ್ಲ. ಮಗುವಿಗಾಗಿ ಬೇಡುತ್ತಿದ್ದ ಹನ್ನಳ ತುಟಿ ಮಾತ್ರ ಅಲುಗಿತು, ಸ್ವರ ಕೇಳಲಿಲ್ಲ. ಯಾಜಕ ಏಲಿ ಆಕೆ ಕುಡಿದಿದ್ದಾಳೆಂದು ತಿಳಿದ (1 ಸಮುವೇಲ 1:13). ಆದರೂ ಆ ಪ್ರಾರ್ಥನೆ ಕೇಳಲ್ಪಟ್ಟಿತು. ಗೋಡೆಗೆ ಗೋಡೆ ತಾಗಿದ ಮನೆಗಳಿರುವ ಬೀದಿಯಲ್ಲಿ ಬೆಳಗಿನ ಐದಕ್ಕೆ ಕೂಗಿ ಪ್ರಾರ್ಥಿಸಿ ಪಕ್ಕದ ಮನೆಯ ಕೂಸನ್ನು ಎಬ್ಬಿಸಿದರೆ, ನೆರೆಯವರನ್ನು ಪ್ರೀತಿಸಬೇಕೆಂಬ ಮಾತನ್ನು ಅಲ್ಲೇ ಮುರಿದಂತೆ.

ಕೇಳುವುದನ್ನು ಲೆಕ್ಕವಾಗಿ ಕೇಳಿ. ಯೇಸುಸ್ವಾಮಿ ಹೇಳಿದ ಸಾಮ್ಯದಲ್ಲಿ, ನಡುರಾತ್ರಿ ಸ್ನೇಹಿತನ ಬಾಗಿಲು ತಟ್ಟಿದವನು ‘ಮೂರು ರೊಟ್ಟಿ’ ಎಂದ (ಲೂಕ 11:5-8). ಅದನ್ನು ತನಗಾಗಿ ಕೇಳಲಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅತಿಥಿಗಾಗಿ ಕೇಳಿದ. ತನ್ನ ಮನೆಯಲ್ಲಿ ಏನೂ ಇಲ್ಲ ಎಂದು ಒಪ್ಪಿಕೊಂಡ, ಇರುವವನ ಬಾಗಿಲಿಗೆ ಹೋದ, ನಾಚದೆ ತಟ್ಟಿದ. ಇನ್ನೊಬ್ಬರಿಗಾಗಿ ಬೇಡುವ ಕ್ರಮವೆಲ್ಲ ಈ ನಾಲ್ಕು ವಚನಗಳಲ್ಲಿದೆ. ಮನೆಯವರೆಲ್ಲ ಕೂತು ಒಂದು ವಾರ ಇದನ್ನೇ ಓದಿದರೂ ಹೆಚ್ಚಲ್ಲ.

ಹಿಡಿ ಅಕ್ಕಿ

ಚಿಕ್ಕ ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಅಡುಗೆಗೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕಿ. ಹಾಕುವಾಗ ಒಂದು ಹೆಸರು ಹೇಳಿ. ದೊಡ್ಡವರ ಒಂದು ಹಿಡಿ ಸುಮಾರು 40ರಿಂದ 50 ಗ್ರಾಂ. ದಿನಕ್ಕೊಂದು ಹಿಡಿಯಾದರೆ ತಿಂಗಳಿಗೆ ಒಂದೂಕಾಲರಿಂದ ಒಂದೂವರೆ ಕೆ.ಜಿ. ಮುದ್ದೆ ಉಣ್ಣುವ ಮನೆಯಾದರೆ ರಾಗಿ ಕಾಳನ್ನೇ ಎತ್ತಿಡಿ. ಹಿಟ್ಟು ಎತ್ತಿಟ್ಟರೆ ಬೇಗ ಕಹಿಯಾಗುತ್ತದೆ, ಹುಳು ಬೀಳುತ್ತದೆ. ಡಬ್ಬ ಒಣಗಿರಬೇಕು, ಒದ್ದೆ ಕೈ ಹಾಕಬಾರದು, ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ಬಿಸಿಲಿಗಿಟ್ಟು ಮತ್ತೆ ಶುರುಮಾಡಬೇಕು.

ಕೊಡುವಾಗ ಜೊತೆಗೆ ಅರ್ಧ ಕೆ.ಜಿ. ಬೇಳೆ, ಒಂದು ಪ್ಯಾಕೆಟ್ ಎಣ್ಣೆ ಸೇರಿಸಿ. ರೇಷನ್ ಅಕ್ಕಿ ಬಂದ ಮನೆಯಲ್ಲೂ ಇವು ಮುಗಿದಿರುತ್ತವೆ. ಮನೆಗೆ ತಿನ್ನುವ ಅಕ್ಕಿ ಒಂದು, ಡಬ್ಬಕ್ಕೆ ಹುಳು ಹಿಡಿದ ಅಕ್ಕಿ ಇನ್ನೊಂದು ಆಗಬಾರದು. ಫೋಟೋ ಬೇಡ. ಬಲಗೈ ಮಾಡುವುದು ಎಡಗೈಗೆ ತಿಳಿಯದಿರಲಿ ಎಂಬ ಮಾತು (ಮತ್ತಾಯ 6:3) ವಾಟ್ಸಾಪ್ ಸ್ಟೇಟಸ್‌ಗೂ ಸಲ್ಲುತ್ತದೆ.

ಆಸ್ಪತ್ರೆಗೆ ಹೋದಾಗ

ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಇರಲಿ, ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ ಇರಲಿ, ತುಮಕೂರಿನ ಜಿಲ್ಲಾಸ್ಪತ್ರೆ ಇರಲಿ, ನೋಡಲು ಬಿಡುವ ಹೊತ್ತಿಗೇ ಹೋಗಿ. ಹತ್ತು ನಿಮಿಷ ಮೀರಬೇಡಿ. ‘ಪ್ರಾರ್ಥನೆ ಮಾಡಲಾ?’ ಎಂದು ಕೇಳಿ. ಬೇಡ ಎಂದರೆ ಬೇಸರವಿಲ್ಲದೆ ಬಿಡಿ. ಹೂಂ ಎಂದರೆ ಒಂದು ನಿಮಿಷ, ಮೆಲುದನಿಯಲ್ಲಿ. ಕಾಯಿಲೆ ಪಾಪದ ಫಲ ಎನ್ನಬೇಡಿ, ಮಾತ್ರೆ ಬಿಡಿ ಎಂದು ಯಾವತ್ತೂ ಹೇಳಬೇಡಿ.

ರೋಗಿಯ ಜೊತೆಗಿರುವವರನ್ನು ಯಾರೂ ವಿಚಾರಿಸುವುದಿಲ್ಲ. ಪಾವಗಡದಿಂದಲೋ ಬಾಗೇಪಲ್ಲಿಯಿಂದಲೋ ಬಂದು ಮೂರು ದಿನದಿಂದ ಕಾರಿಡಾರಿನಲ್ಲಿ ಮಲಗಿರುತ್ತಾರೆ. ಸೇಬು ಹಣ್ಣಿಗಿಂತ ಅವರಿಗೊಂದು ಡಬ್ಬಿ ಅನ್ನ ಸಾರು, ಫೋನಿನ ಚಾರ್ಜರ್, ‘ನಾನಿಲ್ಲಿ ಎರಡು ಗಂಟೆ ಕೂರುತ್ತೇನೆ, ನೀವು ಸ್ನಾನ ಮಾಡಿ ಮಲಗಿ ಬನ್ನಿ ಅಕ್ಕ’ ಎಂಬ ಮಾತು ದೊಡ್ಡದು.

ಎಲ್ಲಿ ಎಳೆ ಕಡಿಯುತ್ತದೆ

ಮೊದಲು ಮನೆಯೊಳಗೆ. ಗಂಡ ಹೆಂಡತಿಯನ್ನು ಗೌರವದಿಂದ ಕಾಣದಿದ್ದರೆ ಪ್ರಾರ್ಥನೆಗೆ ಅಡ್ಡಿಯಾಗುತ್ತದೆಂದು 1 ಪೇತ್ರ 3:7 ನೇರವಾಗಿ ಹೇಳುತ್ತದೆ. ಕುಟುಂಬ ಪ್ರಾರ್ಥನೆಗೆ ಎಲ್ಲರೂ ಕೂತಿರುವಾಗ ಆಕೆಯೊಬ್ಬಳೇ ಒಲೆ ಮುಂದೆ ನಿಂತಿದ್ದರೆ ಅಲ್ಲಿಂದಲೇ ಸರಿಪಡಿಸಿ.

ಮನಸ್ತಾಪವಿರುವವರ ಹೆಸರು ಬಂದಾಗ ‘ಅವರಿಗೆ ಬುದ್ಧಿ ಕೊಡು’ ಎಂದು ಶುರುಮಾಡಬೇಡಿ. ಅದು ದೂರು. ಸಾವಿರ ಅಡಿ ದಾಟಿ ಕೊರೆಸಿದರೂ ಬೋರ್‌ವೆಲ್ ಬತ್ತುವ ಈ ಸೀಮೆಯಲ್ಲಿ, ಬದುವಿನ ಜಗಳವಿರುವವನ ಬೋರಿಗೂ ನೀರು ಬರಲಿ, ಅವನ ಟೊಮೆಟೊಗೂ ಒಳ್ಳೆಯ ರೇಟು ಸಿಗಲಿ ಎಂದು ಬೇಡಿ. ಮೊದಲ ವಾರ ಬಾಯಿ ತಡವರಿಸುತ್ತದೆ. ಮುಂದುವರಿಸಿ.

ಪ್ರಾರ್ಥನಾ ವಿಷಯ ಎಂಬ ಹೆಸರಿನಲ್ಲಿ ಊರ ಸುದ್ದಿ ಹರಡುವುದು ಇನ್ನೊಂದು ಕೇಡು. ಕಾಯಿಲೆಯ ಹೆಸರು, ಮಗಳ ಮದುವೆ ಮುರಿದದ್ದು, ಸಾಲದ ಮೊತ್ತ ಇವು ಅವರ ಒಪ್ಪಿಗೆಯಿಲ್ಲದೆ ಗುಂಪಿಗೆ ಹೋಗಬಾರದು. ಪಾಸ್ಟರಿಗೂ ಸಹ ಕೇಳಿಯೇ ಹೇಳಿ.

ಹಣದ ವಿಷಯದಲ್ಲಿ ಗಟ್ಟಿಯಾಗಿರಿ. ವಾಪಸ್ ಬರದಿದ್ದರೂ ಮನೆ ನಡೆಯುವಷ್ಟನ್ನೇ ಕೊಡಿ, ಕೊಟ್ಟದ್ದನ್ನು ದಾನವೆಂದೇ ಎಣಿಸಿ. ಇನ್ನೊಬ್ಬರಿಗೆ ಕೊಡಲು ನೀವು ಸಂಘದ ಸಾಲ ಎತ್ತಬೇಡಿ. ಕಂತಿನ ದಿನ ಬಂದಾಗ ಪ್ರೀತಿಯೂ ಹೋಗುತ್ತದೆ, ನಿದ್ದೆಯೂ ಹೋಗುತ್ತದೆ. ಹೊಡೆಯುವವನ ಮನೆಯಲ್ಲಿ ಸಹಿಸಿಕೊಂಡಿರು ಎಂದು ಯಾವ ಹೆಣ್ಣಿಗೂ ನಿಸ್ವಾರ್ಥದ ಹೆಸರಿನಲ್ಲಿ ಬೋಧಿಸಬೇಡಿ.

ಉಪವಾಸ ಪ್ರಾರ್ಥನೆಗೆ ಒಂದೇ ಮಾತು: ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿ, ಬಾಣಂತಿಯರು ಊಟ ಬಿಡದೆ ಟಿ.ವಿ. ಬಿಡಲಿ, ಉಳಿದವರು ನೀರು ಕುಡಿಯುತ್ತಾ, ಉಳಿಸಿದ ಊಟದ ಖರ್ಚನ್ನು ಹಸಿದವರಿಗೆ ಮುಟ್ಟಿಸಲಿ (ಯೆಶಾಯ 58:7).

ಕೇಳಿದ್ದು ಸಿಗದಿದ್ದರೆ? ಮಳೆಗಾಗಿ ಪ್ರವಾದಿ ಎಲೀಯ ಮುಖವನ್ನು ಮೊಣಕಾಲುಗಳ ನಡುವೆ ಇಟ್ಟು ಬಗ್ಗಿದ, ಆಳನ್ನು ಏಳು ಸಲ ಕಳಿಸಿ ನೋಡಿಸಿದ, ಕೊನೆಗೆ ಮೋಡ ಕಂಡಿತು (1 ಅರಸುಗಳು 18:42-44). ಪೌಲ ಮೂರು ಸಲ ಬೇಡಿದರೂ ಶರೀರದ ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12:8-9). ಎರಡೂ ಸತ್ಯವೇದದಲ್ಲೇ ಇವೆ. ಹೆಸರನ್ನು ಹೊಡೆದುಹಾಕದೆ ಮುಂದಿನ ವಾರದ ಪುಟಕ್ಕೆ ಎತ್ತಿ ಬರೆಯಿರಿ. ಆ ವ್ಯಕ್ತಿ ತೀರಿಕೊಂಡರೆ ಅದೇ ಜಾಗದಲ್ಲಿ ಉಳಿದವರ ಹೆಸರು ಬರೆಯಿರಿ. ಮಣ್ಣು ಮಾಡಿದ ಮೇಲೆ ಜನ ಬರುವುದು ನಿಲ್ಲುತ್ತದೆ, ಆ ಮನೆಯಲ್ಲಿ ಒಲೆ ಹಚ್ಚಲು ಮನಸ್ಸಿಲ್ಲದ ದಿನಗಳು ಆಗಲೇ ಶುರುವಾಗುವುದು.

ನೋಟ್‌ಬುಕ್ ತುಂಬಿದಾಗ ರದ್ದಿಯವರಿಗೆ ಹಾಕಬೇಡಿ, ಅದರಲ್ಲಿ ಜನರ ಗುಟ್ಟುಗಳಿವೆ. ಒಮ್ಮೆ ಮೊದಲಿಂದ ಓದಿ, ಇನ್ನೂ ಬಾಕಿ ಇರುವ ಹೆಸರುಗಳನ್ನು ಹೊಸ ಪುಸ್ತಕಕ್ಕೆ ಇಳಿಸಿ, ಹಳೆಯದನ್ನು ನೀರೊಲೆಗೆ ಹಾಕಿ.